ಅಕ್ಕೋರು ಇಟ್ಟ ಮಜ್ಜಿಗೆ ಬೋಗುಣಿ

ಅಕ್ಕೋರ ಬಲಗೈಯ ಬೆರಳ ಸಂದುಗಳಲ್ಲಿ ಚರ್ಮ ಒಡೆದಿತ್ತು. ದಿನಕ್ಕೆ ಹತ್ತಾರು ಸಲ ಸಾಬೂನು ತಾಗಿ ಬಿರಿದ ಆ ಸೀಳುಗಳಿಗೆ ಅವರು ಬೆಳಿಗ್ಗೆ ಅರಿಶಿನ ಮೆತ್ತಿಕೊಂಡು ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅರಿಶಿನ ತೊಳೆದುಹೋಗಿ ಸೀಳುಗಳು ಮತ್ತೆ ಕೆಂಪಗೆ ಕಾಣುತ್ತಿದ್ದವು. ಬಲಗೈ ಎಂದು ಬರೆದೆ. ಎಡಗೈಯೂ ಇದ್ದಿರಬಹುದು. ಎರಡೂ ಕೈ ಉಜ್ಜಿ ತೊಳೆಯುವವರಿಗೆ ಒಂದೇ ಕೈ ಏಕೆ ಒಡೆಯಬೇಕು? ಆದರೂ ಕಣ್ಣು ಮುಚ್ಚಿದರೆ ಬಲಗೈಯೇ ಕಾಣುತ್ತದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಜೋಡಿಸಿಕೊಂಡದ್ದು ಎಂಬುದು ನನಗೇ ಖಾತ್ರಿಯಿಲ್ಲ. ಧಾರವಾಡದಲ್ಲಿ ಎರಡು ವರ್ಷ ಸೂಕ್ಷ್ಮಜೀವಿಶಾಸ್ತ್ರ ಓದಿದವನು ನಾನು. ನೆನಪನ್ನು ಸಾಕ್ಷಿ ಎಂದು ಹಿಡಿಯಬಾರದು ಎಂದು ಅಲ್ಲಿ ಕಲಿತೆ. ಕಲಿತದ್ದು ಬೇಕಾದ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಊರು. ಎಂ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಇರಲಿ ಎಂದು, ಆ ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಒಂದು ವರ್ಷ ಅತಿಥಿ ಶಿಕ್ಷಕನಾಗಿದ್ದೆ. ದಿನಾ ರಾಣೇಬೆನ್ನೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನಗೆ ನಾಲ್ಕನೆಯ ತರಗತಿ ಕೊಟ್ಟಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಆ ಶಾಲೆಯಲ್ಲಿ ಇದ್ದದ್ದು ಒಬ್ಬರೇ ಅಕ್ಕೋರು. ಒಂದು ಮತ್ತು ಎರಡನೆಯ ತರಗತಿ ಅವರದು. ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಮದುವೆಯಾಗಿರಲಿಲ್ಲ. ಹಾವೇರಿಯಲ್ಲಿ ತಮ್ಮನ ಸಂಸಾರವಿತ್ತು. ಇವರು ಮಾತ್ರ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಇದ್ದರು.

ಪಾಠ ಯಾರದೇ ಇರಲಿ, ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆದ ಮೇಲೆ ಇಡೀ ಶಾಲೆ ಅವರದಾಗುತ್ತಿತ್ತು. ನಳದ ಪಕ್ಕದ ಕಟ್ಟೆಯ ಮೇಲೆ ಸಾಬೂನು ಹಿಡಿದು ನಿಲ್ಲುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಕೈ ಚಾಚಬೇಕು. ಸಾಬೂನು ಸುಮ್ಮನೆ ಸಿಗುತ್ತಿರಲಿಲ್ಲ.

"ಮುಂಜಾನಿಂದ ಈ ಕೈ ಎಲ್ಲೆಲ್ಲಿ ಅಡ್ಡ್ಯಾಡಿ ಬಂದೈತಿ, ಹೇಳು."

"ಎಮ್ಮಿ ಬಾಲ ಹಿಡದಿತ್ರಿ ಅಕ್ಕೋರ."

"ಆಮ್ಯಾಲ?"

"ಗೋಲಿ ಗಟಾರದಾಗ ಬಿದ್ದಿತ್ರಿ. ತಗದಿತ್ರಿ."

"ಆಮ್ಯಾಲ?"

ಹುಡುಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಹಿಂದಿನಿಂದ ಇನ್ನೊಬ್ಬ ಕೂಗುತ್ತಿದ್ದ: "ಮೂಗಿನ್ಯಾಗ ಹೋಗಿತ್ರಿ ಅಕ್ಕೋರ, ನಾ ನೋಡೇನಿ!"

"ಅಯ್ಯ, ದೊಡ್ಡ ಪ್ರವಾಸನ ಮಾಡೈತಿ. ಇಷ್ಟೆಲ್ಲಾ ಊರು ತಿರುಗಿ ಬಂದಾಂವನ್ನ ಸೀದಾ ಬಾಯಾಗ ಕರಕೋತಿ ಏನು? ನಡಿ, ಮೊದಲ ಜಳಕ ಮಾಡಸು ಅವಗ."

ಸಾಲೆಲ್ಲ ನಗುತ್ತಿತ್ತು. ಮೂಗಿನ ಸುದ್ದಿ ಹೇಳಿದವನ ಸರದಿ ಬಂದಾಗ ಅವನಿಗೆ ಎರಡರಷ್ಟು ವಿಚಾರಣೆ ನಡೆಯುತ್ತಿತ್ತು.

ಕ್ರಿಮಿ ಎಂದರೇನು ಎಂದು ಹೇಳಿಕೊಡಲು ಅವರು ಚಿತ್ರ ಬರೆಯುತ್ತಿರಲಿಲ್ಲ. ಒಂದು ಒಣ ಮೆಣಸಿನಕಾಯಿ ತರುತ್ತಿದ್ದರು. ಒಬ್ಬಳ ಕೈಯಲ್ಲಿ ಅದನ್ನು ಮುರಿಸಿ, ಅದೇ ಕೈಯಲ್ಲಿ ಪೆನ್ಸಿಲ್ ಹಿಡಿಸಿ, ಆ ಪೆನ್ಸಿಲ್ಲನ್ನು ಪಕ್ಕದವನಿಗೆ ಕೊಡಿಸುತ್ತಿದ್ದರು. ಅವನು ಬೆರಳಿಂದ ತುಟಿ ಒರೆಸಿಕೊಳ್ಳಬೇಕು. ಒರೆಸಿಕೊಂಡವನು ಒಂದು ಗಳಿಗೆ ಬಿಟ್ಟು "ಹಾ" ಎನ್ನುತ್ತಿದ್ದ.

"ಪೆನ್ಸಿಲ್ಲಿನ ಮ್ಯಾಲ ಏನರ ಕಾಣತೈತೇನ್ರೋ?"

"ಇಲ್ರೀ."

"ಮತ್ತ ತುಟಿ ಯಾಕ ಉರೀತು? ಕಣ್ಣಿಗೆ ಕಾಣಲಿಲ್ಲ ಅಂದ್ರೂ ಇರತೈತಿ. ಜಡ್ಡು ಬರೂದೂ ಹಿಂಗ."

ಇದು ನನಗೆ ಹಿಡಿಸಲಿಲ್ಲ. ಒಂದು ಮಧ್ಯಾಹ್ನ ಹೆಡ್ ಮಾಸ್ತರ ಎದುರಿಗೆ ಹೇಳಿದೆ: "ಅಕ್ಕೋರ, ಖಾರಕ್ಕ ಜೀವ ಇಲ್ರಿ. ಅದು ಬೆಳಿಯೂದಿಲ್ಲ, ಮರಿ ಹಾಕೂದಿಲ್ಲ. ಹುಡುಗರಿಗೆ ತಪ್ಪು ಕಲಸಿಧಂಗ ಆಗತೈತಿ."

ಅಕ್ಕೋರು ಬುತ್ತಿಯ ರೊಟ್ಟಿ ಮುರಿಯುತ್ತ ನಕ್ಕರು. "ಹೌದನ್ರಿ ಸರ? ಹಂಗಾದ್ರ ನಿಮ್ಮ ಕ್ರಿಮಿ ಹಿಡಕೊಂಡು ಬರ್ರಿ, ಅದರ ಕಡಿಂದ ಒಮ್ಮಿ ತುಟಿ ಉರಸಿ ತೋರಸ್ರಿ. ನಾ ನಾಳಿಂದ ಮೆಣಸಿನಕಾಯಿ ಬಿಡತೇನಿ."

ಹೆಡ್ ಮಾಸ್ತರು ಎಷ್ಟು ನಕ್ಕರೆಂದರೆ ಅವರಿಗೆ ಕೆಮ್ಮು ಬಂತು. ನಾನು ನಗಲಿಲ್ಲ. ನನ್ನ ಓದನ್ನು ಅವರು ಹಗುರ ಮಾಡಿದರು ಎಂದುಕೊಂಡೆ. ಹಾಗೆ ಮಾಡಿರಲಿಲ್ಲ. ಅವರು ನನ್ನ ಓದನ್ನು ನಂಬಿದ್ದರು. ಎಷ್ಟು ನಂಬಿದ್ದರು ಎಂಬುದು ಗೊತ್ತಾದದ್ದು ಆಮೇಲೆ.

ಮೆಣಸಿನಕಾಯಿ ಹಂಗಾಮು ಶುರುವಾದ ಮೇಲೆ ಆ ಊರಿನ ಅಂಗಳಗಳೆಲ್ಲ ಕೆಂಪಾಗುತ್ತವೆ. ಹೆಂಗಸರು ಮಕ್ಕಳು ಗುಂಪಾಗಿ ಕುಳಿತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾರೆ. ಕೆಲವು ತಾಯಂದಿರು ಬ್ಯಾಡಗಿಯ ಕಣಗಳಿಗೇ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಆ ದಿನಗಳಲ್ಲಿ ನನ್ನ ತರಗತಿಯಲ್ಲಿ ಯಾರು ಬಂದರು ಯಾರು ಬರಲಿಲ್ಲ ಎಂಬುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಬೆಳಗಿನಿಂದ ತುಂಬು ಬಿಡಿಸಿದ ಎಂಟು ವರ್ಷದ ಬೆರಳಿಗೆ ಆ ಮಾತು ಹೇಳಿ ನೋಡಬೇಕು. ಈಗ ಹೊರಗಿನಿಂದ ಬಂದ ಖಾರದ ಕಾಯಿಯೂ ಅದರಲ್ಲಿ ಬೆರೆತಿರುತ್ತದೆ.

ಒಂದು ದಿನ ಅಕ್ಕೋರು ನಳದ ಕಟ್ಟೆಯಿಂದ ನನ್ನನ್ನು ಕರೆದರು. ಕೈಯಲ್ಲಿದ್ದ ಸಾಬೂನು ತೋರಿಸಿದರು.

"ಸರ, ಇದನ್ನ ಸೋಮಾರ ಬಿಚ್ಚೇನಿ. ಇವತ್ತ ಶುಕ್ರಾರ. ನೋಡ್ರಿ."

ಸಾಬೂನಿನ ಮೇಲೆ ಒತ್ತಿದ್ದ ಅಕ್ಷರಗಳು ಇನ್ನೂ ಹೊಸದರಂತೆ ಇದ್ದವು. ಮಕ್ಕಳು ಸಾಲಾಗಿ ಬರುತ್ತಿದ್ದರು, ಕೈಯ ಪ್ರವಾಸ ಹೇಳುತ್ತಿದ್ದರು, ನಗುತ್ತಿದ್ದರು, ಸಾಬೂನು ಹಿಡಿದಂತೆ ಮಾಡಿ ನೀರಿನ ಪಕ್ಕದಲ್ಲಿ ಕೈ ಆಡಿಸಿ ಓಡುತ್ತಿದ್ದರು. ಒಬ್ಬರ ಕೈಗೂ ನೀರು ತಾಗುತ್ತಿರಲಿಲ್ಲ. ಇಷ್ಟು ದಿನ ಕಲಿಸಿದ್ದು ಹೀಗೆ ನಾಟಕವಾದದ್ದನ್ನು ನೋಡುತ್ತ ಅವರು ಆ ಸಾಬೂನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಅದೇ ವಾರ ಕೆಳಗಿನ ಓಣಿಯ ಇಬ್ಬರು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಮರುದಿನ ಇನ್ನೂ ಮೂವರಿಗೆ. ನರ್ಸ್ ಬಂದು ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿ, ಮನೆಮನೆಗೆ ಓ.ಆರ್.ಎಸ್. ಪೊಟ್ಟಣ ಹಂಚಿ ಹೋದರು. ನಾನು ಊರಿನ ಪೈಪಿನ ಜಾಡು ಹಿಡಿದು ಹೋದೆ. ಕೆಳಗಿನ ಓಣಿಯ ತಿರುವಿನಲ್ಲಿ ಅದು ಗಟಾರದ ಒಳಗಿಂದಲೇ ಹಾದುಹೋಗುತ್ತಿತ್ತು. ಕೂಡಿಸಿದ ಕಡೆ ನೀರು ಜಿನುಗುತ್ತಿತ್ತು. ಕಾರಣ ಸಿಕ್ಕಿತು ಎಂದು ನಾನು ಅಕ್ಕೋರ ಬಳಿ ಬಂದು ಗೆದ್ದವನಂತೆ ಹೇಳಿದೆ: "ನೀರs ಕೆಟ್ಟೈತ್ರಿ. ಕೈ ತೊಳೀರಿ, ಕೈ ತೊಳೀರಿ ಅಂತ ಹುಡುಗರ ಮ್ಯಾಲ ಯಾಕ ಹಾಕತೀರಿ?"

"ಪೈಪ್ ಅಗದು ಬ್ಯಾರೇದು ಹಾಕಾಕ ಎಷ್ಟ ದಿನ ಬೇಕ್ರಿ ಸರ?"

"ಪಂಚಾಯ್ತಿಯವರು ಹದಿನೈದು ದಿನ ಅನ್ನಾಕತ್ತಾರ."

"ಹದಿನೈದು ದಿನ ಹುಡುಗ್ರು ಉಣ್ಣೂದು ಬಿಡತಾವೇನ್ರಿ?"

ಅವರ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ನಾನು ಪೈಪಿನ ವಿಷಯವನ್ನೇ ಇನ್ನೊಮ್ಮೆ ಹೇಳಿದೆ.

ಆ ರವಿವಾರ ಅಕ್ಕೋರು ಓಣಿ ಓಣಿ ತಿರುಗಿದರು. ನಾನೂ ಜೊತೆಗಿದ್ದೆ ಎಂದು ನನ್ನ ನೆನಪು. ರವಿವಾರ ನಾನು ರಾಣೇಬೆನ್ನೂರು ಬಿಟ್ಟು ಅಲ್ಲಿಗೆ ಏಕೆ ಹೋಗಿದ್ದೆನೋ ತಿಳಿಯದು. ಅವರು ಸೋಮವಾರ ಹೇಳಿದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿರಬಹುದು. ಒಂದು ಅಂಗಳದಲ್ಲಿ ಆರೇಳು ಹೆಂಗಸರು ಕಾಯಿಯ ರಾಶಿಯ ಸುತ್ತ ಕುಳಿತಿದ್ದರು. ಘಾಟಿಗೆ ಅಕ್ಕೋರಿಗೆ ಮಾತೇ ಬರಲಿಲ್ಲ, ಸೆರಗು ಮೂಗಿಗೆ ಹಿಡಿದುಕೊಂಡೇ ಹೇಳಬೇಕಾದದ್ದನ್ನು ಹೇಳಿದರು. ಒಬ್ಬ ಹೆಂಗಸು ಕೆಲಸ ನಿಲ್ಲಿಸದೆ ಕೇಳಿದಳು.

"ನೀವು ಹೇಳೂದು ಖರೇ ಐತ್ರಿ ಅಕ್ಕೋರ. ಆದರ ನೀರು ಮುಟ್ಟಿದ್ರ ಕೈಗೆ ಬೆಂಕಿ ಹಚ್ಚಿಧಂಗ ಆಗತೈತ್ರಿ. ಕೂಸು ಉಣ್ಣೂದು ಬಿಟ್ಟು ಅಳಕೋಂತ ಕುಂದರತೈತಿ. ಒಂದೆರಡು ತಾಸು ನಮ್ಮ ಜೋಡಿ ಕುಂದರ್ರಿ. ಆಮ್ಯಾಲ ನೀವs ತೊಳಕೊಂಡು ನೋಡ್ರಿ."

ಉಳಿದವರು ನಕ್ಕರು. ಅಕ್ಕೋರು ಕುಳಿತೇಬಿಟ್ಟರು. ಬಿಸಿಲು ಇಳಿಯುವವರೆಗೆ ತುಂಬು ಬಿಡಿಸಿದರು. "ಅಕ್ಕೋರ, ಹಿಂಗ ಒಂದೊಂದs ಬಿಡಿಸಿದ್ರ ಮುಂದಿನ ಹಂಗಾಮಿಗೆ ಮುಗೀತೈತ್ರಿ" ಎಂದು ಯಾರೋ ಚೇಷ್ಟೆ ಮಾಡಿದರು. ಆಮೇಲೆ ಎದ್ದು ಹೋಗಿ, ಒಡೆದ ಬೆರಳುಗಳ ಆ ಕೈಗಳನ್ನು ನೀರಿಗೆ ಒಡ್ಡಿದರು. ನಗುತ್ತಿದ್ದ ಹೆಂಗಸರು ಕಾಯಿ ಬಿಟ್ಟು ಎದ್ದರು. ಅಕ್ಕೋರು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಿದ್ದರು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಬ್ಬ ಮುದುಕಿ ಅವರ ಕೈ ಹಿಡಿದೆಳೆದು ಮಜ್ಜಿಗೆ ಗಡಿಗೆಯಲ್ಲಿ ಅದ್ದಿಸಿದಳು.

"ಮೊದಲ ಇದರಾಗ ಅದ್ದವಾ. ಉರಿ ಇಳದ ಮ್ಯಾಲ ನೀರು."

ಉರಿ ಇಳಿಯಿತು. ಅಕ್ಕೋರು ಕೇಳಿದರಂತೆ: "ಇದನ್ನ ಇಷ್ಟ ದಿನ ಯಾಕ ಹೇಳಲಿಲ್ಲ ಯವ್ವಾ?"

"ನೀವು ಕೇಳಿದ್ರೆಲ್ಲಿ?"

ಸೋಮವಾರ ಮಧ್ಯಾಹ್ನ ನಳದ ಕಟ್ಟೆಯ ಮೇಲೆ ದೊಡ್ಡದೊಂದು ಅಲ್ಯೂಮಿನಿಯಂ ಬೋಗುಣಿ ಬಂತು. ಬಿಸಿಯೂಟದ ಅಡುಗೆಯಾಕೆ ತನ್ನ ಮನೆಯಿಂದ ಮಜ್ಜಿಗೆ ತಂದು ಸುರಿದಳು. ಮೊದಲು ಮಜ್ಜಿಗೆಯಲ್ಲಿ ಕೈ, ಆಮೇಲೆ ಸಾಬೂನು, ಆಮೇಲೆ ನೀರು. ಊರ ನಳ ಬಂದ್ ಮಾಡಿಸಿದ್ದರಿಂದ ಟ್ಯಾಂಕರಿನ ನೀರನ್ನೇ ಚೆಂಬಿನಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಿದ್ದರು. ಮಕ್ಕಳಿಗೆ ಹಬ್ಬವಾಯಿತು. ಉರಿಯುವ ಕೈಯನ್ನು ತಣ್ಣನೆಯ ಮಜ್ಜಿಗೆಯಲ್ಲಿ ಮುಳುಗಿಸಿ "ಹಾ ಹಾ" ಎನ್ನುತ್ತ ತೆಗೆಯಲೊಲ್ಲರು. ಹಿಂದಿನವರು ದಬ್ಬುತ್ತಿದ್ದರು. ಎರಡು ದಿನಕ್ಕೆ ಸಾಬೂನಿನ ಅಕ್ಷರ ಅಳಿಸಿಹೋಯಿತು. ಬುಧವಾರ ಅರ್ಧ ಸಾಬೂನು ಸವೆದಿತ್ತು. ಅಕ್ಕೋರು ಅದನ್ನು ಹಿಡಿದುಕೊಂಡು ಬಂದು, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ನನಗೆ ತೋರಿಸಿದರು.

ನಾನು ನೋಡುತ್ತಿದ್ದದ್ದು ಬೋಗುಣಿಯನ್ನು. ಇಡೀ ಶಾಲೆಯ ಕೈಗಳು ಒಂದೇ ಬೋಗುಣಿಯಲ್ಲಿ ಮುಳುಗಿ ಏಳುತ್ತಿದ್ದವು. ಕೆಲವು ಮಕ್ಕಳು ಸಾಬೂನಿನ ಕಡೆ ಹೋಗುವ ಮೊದಲೇ ಬೆರಳಿಗೆ ಅಂಟಿದ ಮಜ್ಜಿಗೆಯನ್ನು ನೆಕ್ಕುತ್ತಿದ್ದರು. ಇದರಲ್ಲಿ ಅಪಾಯವಿದೆ ಎಂದು ನನಗೆ ಮೊದಲ ದಿನವೇ ಹೊಳೆಯಿತು, ಅಕ್ಕೋರಿಗೆ ಹೇಳಿದೆ, ಚೆಂಬಿನಿಂದ ಒಬ್ಬೊಬ್ಬರ ಕೈಗೆ ಹಾಕಿರಿ ಎಂದೆ, ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ನನ್ನ ನೆನಪು ಹೀಗೆ ಹೇಳುತ್ತದೆ. ನಾನು ಹೇಳಲೇ ಇಲ್ಲ ಎಂಬುದು ಹೆಚ್ಚು ಸಂಭವನೀಯ. ಹೇಳಿದ್ದರೆ ಅವರು ಕೇಳದೆ ಇರುವವರಲ್ಲ. ನನ್ನ ನೆನಪಿನಲ್ಲಿ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಜಾಣನಾಗಿರುತ್ತೇನೆ.

ಇನ್ನೊಂದು ಚಿತ್ರವಿದೆ. ನನ್ನ ತರಗತಿಯ ಒಬ್ಬ ಹುಡುಗಿ, ಮುಂದಿನ ಹಲ್ಲುಗಳ ನಡುವೆ ಸಂದಿ ಇದ್ದವಳು, ಮಣಿಕಟ್ಟಿನವರೆಗೆ ಕೈ ಅದ್ದಿ ತೆಗೆದು, ನನ್ನನ್ನೇ ನೋಡುತ್ತ, ಒಂದೊಂದಾಗಿ ಐದೂ ಬೆರಳು ನೆಕ್ಕುತ್ತಾಳೆ. ಬಿಸಿಲಿಗೆ ಅವಳ ಕಣ್ಣು ಕಿರಿದಾಗಿವೆ. ಗಲ್ಲದ ಮೇಲೆ ಮಜ್ಜಿಗೆಯ ಹನಿ ಇದೆ. ಆ ವರ್ಷದ ಯಾವ ನೆನಪೂ ನನಗೆ ಇಷ್ಟು ಸ್ಪಷ್ಟವಾಗಿಲ್ಲ.

ಗುರುವಾರ ಬೆಳಿಗ್ಗೆ ಅಡುಗೆಯಾಕೆ ಸುದ್ದಿ ತಂದಳು. ಆ ಹುಡುಗಿಗೆ ರಾತ್ರಿಯಿಂದ ವಾಂತಿ ಭೇದಿ. ಮೊದಲು ಬ್ಯಾಡಗಿಗೆ ಒಯ್ದಿದ್ದಾರೆ, ಅಲ್ಲಿಂದ ಹಾವೇರಿಗೆ. ಕಣ್ಣು ಒಳಗೆ ಹೋಗಿವೆ, ಮಾತಿಲ್ಲ.

ಹೆಡ್ ಮಾಸ್ತರಿಗೆ ಹೇಳಿ ಅಕ್ಕೋರೂ ನಾನೂ ಹೊರಟೆವು. ಬ್ಯಾಡಗಿಯವರೆಗೆ ಟಂಟಂ ರಿಕ್ಷಾ, ಆಮೇಲೆ ಬಸ್ಸು. ಮೋಟೆಬೆನ್ನೂರು ದಾಟಿತು. ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಸರ, ನೀವು ಅದನ್ನs ಓದಿದವರು. ಮಜ್ಜಿಗ್ಯಾಗ ಕ್ರಿಮಿ ಇರತಾವೇನ್ರಿ?"

ಹುಳಿಗೆ ಕೆಲವು ಸಾಯುತ್ತವೆ, ಎಲ್ಲವೂ ಸಾಯುವುದಿಲ್ಲ, ಕಾಯಿಲೆಯಿರುವ ಒಂದು ಕೈ ಅದ್ದಿದರೂ ಸಾಕು, ಮುಂದಿನವರಿಗೆ ಹೋಗಬಹುದು. ತರಗತಿಯಲ್ಲಿ ಪ್ರಶ್ನೆಗೆ ಉತ್ತರಿಸಿದಂತೆ ಎಲ್ಲ ಬಿಡಿಸಿ ಹೇಳಿದೆ.

"ಆದರ ಆಮ್ಯಾಲ ಸಾಬೂನು ಹಚ್ಚತಿದ್ವಲ್ರಿ?"

"ಸಾಬೂನಿಗಿಂತ ಮೊದಲs ಬೆರಳು ನೆಕ್ಕಿದ್ರ ಏನ್ ಮಾಡೂದ್ರಿ?"

ಅವರು ನನ್ನ ಕಡೆ ತಿರುಗಿದರು. "ಆಕಿ ನೆಕ್ಕಿದ್ಲೇನ್ರಿ?"

"ನೆಕ್ಕಿದ್ಲ್ರಿ."

"ನೀವು ನೋಡೀರೇನ್ರಿ?"

"ನೋಡೇನ್ರಿ."

"ಯಾವತ್ತ?"

"ನಿನ್ನಿ."

ಒಂದು ಗಳಿಗೆಯೂ ತಡವರಿಸಲಿಲ್ಲ ನಾನು. ಅಕ್ಕೋರು ಮತ್ತೆ ಕಿಟಕಿಯ ಕಡೆ ತಿರುಗಿದರು. ಹಾವೇರಿ ಬರುವವರೆಗೆ ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹುಡುಗಿ ತೀರಿಕೊಂಡಳು. ಅಕ್ಕೋರು ರಾತ್ರಿಯೆಲ್ಲ ಅಲ್ಲೇ ಇದ್ದರು. ನಾನು ರಾಣೇಬೆನ್ನೂರಿಗೆ ಹೋಗಿ ಮರುದಿನ ಬಂದಿದ್ದೆ. ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ತಾಯಿ ಕುಳಿತಿದ್ದಳು. ಅಕ್ಕೋರು ಹತ್ತು ಹೆಜ್ಜೆ ದೂರದಲ್ಲಿ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು. ತಾಯಿಯೇ ಕರೆದಳು.

"ಅಕ್ಕೋರ, ನೀವ್ಯಾಕ ದೂರ ನಿಂತೀರಿ? ಬರ್ರಿ. ಉಣ್ಣೂಮುಂದ ದಿನಾ ನಿಮ್ಮ ಹೆಸರ ಹೇಳಿ ಕೈ ತೊಳಕೋತಿತ್ರಿ ನನ್ನ ಕೂಸು."

ಅಕ್ಕೋರು ಹೋಗಲಿಲ್ಲ. ತಿರುಗಿ ಗೇಟಿನ ಕಡೆ ನಡೆದರು. ಚಪ್ಪಲಿ ಒಂದು ಹಿಂದೆಯೇ ಉಳಿದದ್ದು ಅವರಿಗೆ ಗೊತ್ತಾಗಲಿಲ್ಲ. ಅಷ್ಟು ಸಾಧು ಅಕ್ಕೋರಿಗೆ ಎಂಥ ಸೊಕ್ಕು ಬಂತೋ, ಮಗು ಸತ್ತ ತಾಯಿ ಕರೆದರೂ ಹೋಗಲಿಲ್ಲ ಎಂದು ಅಲ್ಲಿದ್ದ ಯಾರೋ ಅಂದರು. ನಾನು ಚಪ್ಪಲಿ ಎತ್ತಿಕೊಂಡು ಅವರ ಹಿಂದೆ ಹೋದೆ.

ಪೈಪು ಅಗೆದು ಬೇರೆ ಹಾಕಿದರು. ಕಾಯಿಲೆ ಇಳಿಯಿತು. ಮಗು ಸತ್ತದ್ದು ಯಾವುದರಿಂದ ಎಂದು ಯಾರೂ ಹುಡುಕಲಿಲ್ಲ. ಊರವರ ಪಾಲಿಗೆ ಅದು ಕೆಟ್ಟ ನೀರು, ಅಷ್ಟೇ. ಬೋಗುಣಿಯ ಮಾತು ನಮ್ಮಿಬ್ಬರ ನಡುವೆಯೇ ಉಳಿಯಿತು. ಅಕ್ಕೋರು ಅದರ ಬಗ್ಗೆ ಇನ್ನೊಬ್ಬರನ್ನು ಕೇಳಲಿಲ್ಲ. ಕೇಳುವ ಅಗತ್ಯವೇನಿತ್ತು? ಕಣ್ಣಾರೆ ಕಂಡವನು, ಅದರಲ್ಲೂ ಅದನ್ನೇ ಓದಿದವನು, ಹೇಳಿಯಾಗಿತ್ತು.

ಅವರು ನಳದ ಕಟ್ಟೆಗೆ ಬರುವುದನ್ನು ಬಿಟ್ಟರು. ಮಧ್ಯಾಹ್ನ ಗಂಟೆ ಹೊಡೆದರೆ ತರಗತಿಯಲ್ಲೇ ಕುಳಿತಿರುತ್ತಿದ್ದರು. ಒಂದು ದಿನ ಎರಡನೆಯ ತರಗತಿಯ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ಕೈ ಚಾಚಿ ಕೇಳುತ್ತಿದ್ದ: "ಅಕ್ಕೋರ, ನನ್ನ ಕೈ ಎಲ್ಲಿ ಹೋಗಿತ್ತು ಕೇಳ್ರಿ. ಇವತ್ತ ಬಾಳ ದೂರ ಹೋಗಿತ್ರಿ."

"ಊಟಕ್ಕ ನಡಿ" ಎಂದರು ಅಕ್ಕೋರು.

"ಕೇಳ್ರೆಲಾ ಅಕ್ಕೋರ."

"ನಡಿ ಅಂದ್ನಲ್ಲೋ."

ಹುಡುಗ ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ನಿಂತು, ಹೋದ. ಬಾಗಿಲ ಹೊರಗೆ ನಾನಿದ್ದೆ. ಒಳಗೆ ಹೋಗಿ, ಇದು ನಿಮ್ಮಿಂದ ಆದದ್ದಲ್ಲ ಎನ್ನಬಹುದಿತ್ತು. ಆಗ ನನಗೆ ಹಾಗೆ ಅನಿಸಿರಲಿಲ್ಲ. ಅವರಿಂದಲೇ ಆದದ್ದು, ಒಳ್ಳೆಯ ಮನಸ್ಸಿನಿಂದ ಮಾಡಿದ ಅವೈಜ್ಞಾನಿಕ ಕೆಲಸದ ಫಲ ಎಂದೇ ನಂಬಿದ್ದೆ. ಅದರಲ್ಲಿ ನನಗೊಂದು ಸಣ್ಣ ಹೆಮ್ಮೆಯೂ ಇತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಆ ವರ್ಷ ಮುಗಿದ ಮೇಲೆ ನಾನು ಶಾಲೆ ಬಿಟ್ಟೆ. ರಾಣೇಬೆನ್ನೂರಿನಲ್ಲಿ ಬೀಜ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಕ್ಕೋರು ಅವಧಿಗೆ ಮೊದಲೇ ಕೆಲಸ ಬಿಟ್ಟು ಹಾವೇರಿಗೆ ತಮ್ಮನ ಮನೆಗೆ ಹೋದರೆಂದು ಕೇಳಿದೆ. ಎರಡು ವರ್ಷದ ಮೇಲೆ, ಏನೋ ಕೆಲಸಕ್ಕೆ ಹಾವೇರಿಗೆ ಹೋದವನು ಅವರ ಮನೆ ಹುಡುಕಿಕೊಂಡು ಹೋದೆ. ತಮ್ಮನ ಹೆಂಡತಿ ಚಹಾ ತಂದಿಟ್ಟು, ಅವರೆದುರಿಗೇ ನನಗೆ ಹೇಳಿದರು: "ನೀವರ ಸ್ವಲ್ಪ ಹೇಳ್ರಿ. ಅಡಗಿ ಮನಿಗೆ ಕಾಲ ಇಡೂದಿಲ್ಲ. ನಮ್ಮ ಹುಡುಗ್ರು ನೀರು ಕೇಳಿದ್ರ ಸೈತ ತಮ್ಮ ಕೈಲೆ ಕೊಡೂದಿಲ್ಲ. ನನ್ನ ಕರೀತಾರ."

ಅಕ್ಕೋರು ಕೇಳಿಸದವರಂತೆ ಕುಳಿತಿದ್ದರು. ತಮ್ಮನ ಹೆಂಡತಿ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು. ಶಾಲೆಯಲ್ಲಿ ನನ್ನನ್ನು ಸರ ಎನ್ನುತ್ತಿದ್ದವರು ಅಂದು ಹಾಗೆನ್ನಲಿಲ್ಲ.

"ತಮ್ಮಾ, ಐದೂ ಬೆರಳು ನೆಕ್ಕಿದ್ಲು ಅಂದಿದ್ದೆಲ್ಲ?"

ಐದು ಎಂದು ನಾನು ಬಸ್ಸಿನಲ್ಲಿ ಹೇಳಿದ್ದೆನೇ? ಹೇಳಿದ ನೆನಪಿರಲಿಲ್ಲ. ಅಷ್ಟು ಹೊತ್ತಿಗೆ ನನಗೆ ಆ ಚಿತ್ರದ ಬಗ್ಗೆಯೇ ಅನುಮಾನ ಶುರುವಾಗಿತ್ತು. ಅದು ಸ್ಪಷ್ಟವಾಗಿತ್ತು, ಆದರೆ ಸ್ಪಷ್ಟತೆಯೇ ಸಾಲದೆಂದು ಅನಿಸುತ್ತಿತ್ತು. ಕೆಲವು ಸಲ ಆ ಹುಡುಗಿಯ ಮುಖವಿದ್ದ ಕಡೆ ಬೇರೆ ಯಾರದೋ ಮುಖ ಬಂದು ಹೋಗುತ್ತಿತ್ತು.

"ಅಕ್ಕೋರ, ನಾ ಅವತ್ತ ಹೇಳಿದ್ದು... ನನಗ ಈಗ ಖಾತ್ರಿ ಇಲ್ರಿ. ಆಕಿನೋ, ಬ್ಯಾರೆ ಹುಡುಗಿನೋ."

ಅವರು ನನ್ನ ಮುಖ ನೋಡಿದರು. ಆಮೇಲೆ ಸಣ್ಣ ಮಗುವಿಗೆ ಮಾಡುವಂತೆ ನನ್ನ ಮೊಣಕೈ ತಟ್ಟಲು ಕೈ ಎತ್ತಿ, ಮುಟ್ಟದೆ, ಹಿಂದಕ್ಕೆ ಎಳೆದುಕೊಂಡರು.

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ ತಮ್ಮಾ. ನೀ ಸುಳ್ಳ ಹೇಳಾಂವಲ್ಲ."

"ಸುಳ್ಳಲ್ರಿ ಅಕ್ಕೋರ, ಖರೇನ..."

"ಆತು. ಚಾ ತಗೋ, ಆರತೈತಿ."

ನನ್ನ ಇಡೀ ಓದು ನನಗೆ ಕಲಿಸಿದ್ದು ಅನುಮಾನ ಪಡುವುದನ್ನು. ಅದನ್ನು ಮೊದಲ ಸಲ ಸರಿಯಾದ ಕಡೆ ಬಳಸಿದಾಗ ಅದು ದಯೆಯಂತೆ ಕಂಡಿತು, ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಬಸ್ಸಿನಲ್ಲಿ ಅಂದ "ನೋಡೇನ್ರಿ" ಎಂಬ ಒಂದು ಮಾತಿನ ಎದುರು ಇನ್ನು ಏನು ಹೇಳಿದರೂ ನಿಲ್ಲುತ್ತಿರಲಿಲ್ಲ. ನಾನು ಚಹಾ ಕುಡಿದು ಬಂದೆ. ಮತ್ತೆ ಹೋಗಬೇಕೆಂದುಕೊಳ್ಳುತ್ತಲೇ ಇದ್ದೆ, ಹೋಗಲಿಲ್ಲ.

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಫೋನ್ ಮಾಡಿ ತಿಳಿಸಿದವಳು ಅದೇ ಅಡುಗೆಯಾಕೆ. ನಾನು ಹಾವೇರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಊರಿನಿಂದ ಒಂದು ಟ್ರ್ಯಾಕ್ಟರಿನಷ್ಟು ಜನ ಬಂದು ಹೋಗಿದ್ದರಂತೆ. ಅವರಲ್ಲಿ ಸತ್ತ ಹುಡುಗಿಯ ತಾಯಿಯೂ ಇದ್ದಳಂತೆ.

ಅಕ್ಕೋರಿಗೆ ನಾನು ಏನು ಬಾಕಿ ಉಳಿಸಿಕೊಂಡೆನೋ ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ಪ್ರಯೋಗಾಲಯದಲ್ಲಿ ಯಾರಾದರೂ "ನೀವೇ ನೋಡಿದಿರಾ?" ಎಂದರೆ ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುತ್ತೇನೆ. ಜೊತೆಯವರು ಇದನ್ನು ನನ್ನ ಎಚ್ಚರಿಕೆ ಎಂದು ಮೆಚ್ಚುತ್ತಾರೆ.

ಈ ವರ್ಷ ಒಂದು ಅರ್ಜಿಗೆ ಹಳೆಯ ಸೇವೆಯ ಪ್ರಮಾಣಪತ್ರ ಬೇಕಾಯಿತು. ಆ ಶಾಲೆಗೆ ಹೋದೆ. ಹೆಡ್ ಮಾಸ್ತರು ಬದಲಾಗಿದ್ದರು. ನಾನು ಕೆಲಸ ಮಾಡಿದ ತಿಂಗಳುಗಳನ್ನು ತಾಳೆ ನೋಡಲು ಅವರು ಅಲಮಾರಿಯಿಂದ ಆ ವರ್ಷದ ನಾಲ್ಕನೆಯ ತರಗತಿಯ ಹಾಜರಿ ಪುಸ್ತಕ ತೆಗೆಸಿದರು. ಅವರು ಬರೆದುಕೊಂಡ ಮೇಲೆ ನಾನು ಕೇಳಿ ಇಸಿದುಕೊಂಡೆ. ಆ ವಾರದ ಪುಟ ಸಿಗುವುದು ಕಷ್ಟವಾಗಲಿಲ್ಲ. ವಿದ್ಯಾರ್ಥಿನಿ ತೀರಿಕೊಂಡದ್ದಕ್ಕೆ ಶನಿವಾರ ರಜೆ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಪುಟ ತೆರೆದಿಟ್ಟು, ಅಡುಗೆ ಕೋಣೆಗೆ ಹೋಗಿ ಅಡುಗೆಯಾಕೆಯನ್ನು ಕೇಳಿದೆ: ಮಜ್ಜಿಗೆ ತಂದದ್ದು ಯಾವ ಯಾವ ದಿನ?

"ಸೋಮಾರ, ಮಂಗಳಾರ, ಬುಧಾರ್ರಿ ಸರ. ಗುರುವಾರದ್ದು ತಂದಿದ್ದೆ, ಕೂಸಿನ ಸುದ್ದಿ ಬಂತಲ್ರಿ, ಅಲ್ಲೇ ಗಿಡದ ಬುಡಕ್ಕ ಸುರದೆ. ಅದನ್ನ ಹೆಂಗ ಮರೀಲಿ?"

ಮರಳಿ ಬಂದು ಆ ಹುಡುಗಿಯ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಎರಡು ಸಲ ನೋಡಿದೆ. ಹೊಸ ಹೆಡ್ ಮಾಸ್ತರನ್ನು ಕರೆದು, ಈ ಸಾಲು ಓದಿ ಹೇಳಿ ಎಂದು ಅವರಿಂದಲೂ ಓದಿಸಿದೆ. ಸೋಮವಾರ ಗೈರು. ಮಂಗಳವಾರ ಗೈರು. ಬುಧವಾರ ಗೈರು. ಮೂರೂ ದಿನ ಬರೆದ ಕೈ ನನ್ನದು.